ಬಾಗಿಲ ಹತ್ತಿರದ ಕುರ್ಚಿ

ಯಂತ್ರ ಎರಡನೆಯ ಸಲವೂ ಅಂಬುಜಾಳ ಹೆಬ್ಬೆರಳನ್ನು ಒಪ್ಪಲಿಲ್ಲ. ಕೆಂಪು ದೀಪ ಮಿನುಗಿತು. ಹಿಂದೆ ಹಾಜರಿ ಹಾಕಲು ನಿಂತಿದ್ದ ಇಬ್ಬರು ಹೊಸ ಉಪನ್ಯಾಸಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ತುಡೆಚ್ಚಿಟ್ಟು ವೈಂಗ ಮೇಡಮ್," ಒರೆಸಿಟ್ಟು ಬೆರಳಿಡಿ ಎನ್ನುತ್ತ ಕಾಲೇಜು ಆಫೀಸಿನ ವಾಸಂತಿ ತಾನೇ ಎದ್ದು ಬಂದು ಗಾಜನ್ನು ದುಪಟ್ಟಾದ ತುದಿಯಿಂದ ಒರೆಸಿದಳು. ಪಾತ್ರೆ ತಿಕ್ಕಿ ತಿಕ್ಕಿ ನಿಮ್ಮ ಬೆರಳ ಗೆರೆಗಳೇ ಸವೆದಿವೆ, ಒಂದು ದಿನವಾದರೂ ಯಜಮಾನರ ಕೈಲಿ ತಿಕ್ಕಿಸಿ ಎಂದು ತಮಿಳಿನಲ್ಲಿ ನಗೆಯಾಡಿದಳು.

ಮೂರನೆಯ ಸಲ ಹಸಿರು ದೀಪ ಹತ್ತಿತು. ಅಂಬುಜಾ ನಕ್ಕಳು. ಆದರೆ ಆ ಕೆಂಪು ದೀಪ ಮನಸ್ಸಿನಿಂದ ಹೋಗಲಿಲ್ಲ. ಶೋಳಿಂಗನಲ್ಲೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಅವಳು ಎಚ್.ಆರ್. ಆಗಿದ್ದಾಗ, ಯಾರನ್ನಾದರೂ ಕೆಲಸದಿಂದ ತೆಗೆಯುವ ದಿನ ಬೆಳಿಗ್ಗೆಯೇ ಫೋನ್ ಮಾಡಿ ಅವರ ಕಾರ್ಡು ನಿಲ್ಲಿಸಲು ಹೇಳುತ್ತಿದ್ದವಳು ಅವಳೇ. ಆ ಮನುಷ್ಯ ಗೇಟಿನ ಮುಂದೆ ಕಾರ್ಡನ್ನು ಅಂಗಿಗೆ ಉಜ್ಜಿ ಮತ್ತೆ ಮತ್ತೆ ತೋರಿಸುವುದನ್ನು ಗಾಜಿನ ಒಳಗಿನಿಂದ ನೋಡಿದ್ದಳು. ಮೊದಲು ಯಂತ್ರಕ್ಕೆ ಗೊತ್ತಾಗುತ್ತದೆ, ಮನುಷ್ಯನಿಗೆ ಆಮೇಲೆ.

ಈ ಕಾಲೇಜಿಗೆ ಬರುವ ಮುಂಚೆ ಅವಳು ಬಹಳ ಕಡೆ ದುಡಿದಿದ್ದಳು. ಮೈಲಾಪುರದ ನರ್ಸಿಂಗ್ ಹೋಮಿನಲ್ಲಿ ರಿಸೆಪ್ಷನ್, ಒಂದು ವಿಮಾ ಕಂಪನಿಯ ಕ್ಲೇಮ್ ವಿಭಾಗ, ಗಿಂಡಿಯ ಗಾರ್ಮೆಂಟ್ಸ್, ಕೊನೆಗೆ ಶೋಳಿಂಗನಲ್ಲೂರು. ಸಂಜೆ ಕಾಲೇಜಿನಲ್ಲಿ ಎಂ.ಬಿ.ಎ. ಮಾಡಿ, ನಲವತ್ತು ದಾಟಿದ ಮೇಲೆ ಪಿಎಚ್.ಡಿ. ಮುಗಿಸಿ, ಇನ್ನು ಮುಂದೆ ಯಾರ ಅನ್ನಕ್ಕೂ ಕೈ ಹಾಕುವ ಕೆಲಸ ಬೇಡವೆಂದು ಮ್ಯಾನೇಜ್‌ಮೆಂಟ್ ಪಾಠ ಹೇಳಲು ಬಂದವಳು. ಪುಸ್ತಕದಲ್ಲಿದ್ದುದನ್ನು ಬಿಟ್ಟು ತಾನು ಕಂಡದ್ದನ್ನು ಹೇಳುತ್ತಾಳೆಂದು ವಿದ್ಯಾರ್ಥಿಗಳಿಗೆ ಅವಳ ಕ್ಲಾಸೆಂದರೆ ಇಷ್ಟ. ಅದರಲ್ಲೂ ನೌಕರರನ್ನು ಕೆಲಸದಿಂದ ತೆಗೆದು ಕಳಿಸುವ ಪಾಠ. ಇಬ್ಬರು ವಿದ್ಯಾರ್ಥಿಗಳನ್ನು ಎದುರುಬದುರು ಕೂರಿಸಿ ಆಡಿಸುತ್ತಿದ್ದಳು. ಹೋಗುವವರನ್ನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರಿಸಿ, ಎದ್ದು ಹೊರಡುವುದು ಸುಲಭವಾಗಲಿ. ಯೋಗಕ್ಷೇಮ ಕೇಳಬೇಡಿ. ವಿಷಯವನ್ನು ಮೊದಲೇ ಹೇಳಿ, ಹೇಳಿದ ಮೇಲೆ ಸುಮ್ಮನಿರಿ. ಮೌನವನ್ನು ತುಂಬುವುದು ನಿಮ್ಮ ಕೆಲಸವಲ್ಲ.

ಹನ್ನೊಂದರ ಕ್ಲಾಸು ಮುಗಿಸಿ ಬರುವಷ್ಟರಲ್ಲಿ ಫೋನಿಗೆ ಸಂದೇಶ ಬಂದಿತ್ತು. ಕಾಲೇಜಿನ ಎಚ್.ಆರ್. ಮ್ಯಾನೇಜರ್ ನೇಹಾ ಕಳಿಸಿದ್ದು. ಊಟವಾದ ಮೇಲೆ ಮೂರಕ್ಕೆ ಎರಡನೆ ಮಹಡಿಯ ಮೀಟಿಂಗ್ ರೂಮಿಗೆ ಬನ್ನಿ ಮ್ಯಾಮ್. ವಿಷಯ ಏನೆಂದು ಬರೆದಿರಲಿಲ್ಲ. ವಿಷಯ ಬರೆಯಬಾರದೆಂದು ನೇಹಾಳಿಗೆ ಕಲಿಸಿದ್ದು ಅಂಬುಜಾಳೇ. ಕೆಲವು ವರ್ಷಗಳ ಹಿಂದೆ ನೇಹಾ ಇದೇ ಕಾಲೇಜಿನಲ್ಲಿ ಅವಳ ವಿದ್ಯಾರ್ಥಿನಿ.

ಸ್ಟಾಫ್ ರೂಮಿನ ಮೂಲೆಯಲ್ಲಿ ವಿಷ್ಣುತೀರ್ಥ ಆಗಲೇ ಮೊಸರನ್ನದ ಡಬ್ಬಿ ತೆರೆದು ಕೂತಿದ್ದರು. ವಿಭಾಗದಲ್ಲಿ ಅವರೇ ಹಿರಿಯರು, ಅವರ ನಂತರ ಅಂಬುಜಾ. ಅವರ ತಂದೆ ರೈಲ್ವೆ ನೌಕರಿಗೆಂದು ರಾಯಚೂರಿನಿಂದ ಪೆರಂಬೂರಿಗೆ ಬಂದವರು. ಅಂಬತ್ತೂರಿನಲ್ಲಿ ತಾವು ದುಡಿಯುತ್ತಿದ್ದ ಫ್ಯಾಕ್ಟರಿ ಮುಚ್ಚಿದ ಮೇಲೆ ವಿಷ್ಣುತೀರ್ಥ ಪಾಠಕ್ಕೆ ಬಂದಿದ್ದರು. ಆಯುಷ್ಯವಿಡೀ ಮದರಾಸಿನಲ್ಲಿ ಕಳೆದರೂ ಮನೆಯ ಮಾತು ಬಿಟ್ಟಿರಲಿಲ್ಲ.

"ಯಾಕ ತಂಗಿ, ಡಬ್ಬಿ ತಗೀಲೇ ಇಲ್ಲ? ಮಾರಿ ಇಷ್ಟ್ಯಾಕ ಸಣ್ಣದಾಗ್ಯದ?"

"ಏನಿಲ್ಲ ಸರ್."

"ಏನಿಲ್ಲ ಅನ್ನೋರ ಮಾರಿ ಹಿಂಗ ಇರೂದಿಲ್ಲ. ಹುಡುಗರು ಏನರೆ ಅಂದ್ರೇನು?"

ಅವಳು ಫೋನನ್ನು ಅವರತ್ತ ತಿರುಗಿಸಿದಳು. ಅವರು ಕನ್ನಡಕ ಹಣೆಗೇರಿಸಿ ಓದಿದರು.

"ಮೀಟಿಂಗ್ ಅಂತ ಕರದಾಳ. ಇದರಾಗ ಅಂಜೂದು ಏನದ?"

"ಈ ಸಲ ಅಡ್ಮಿಷನ್ ಎಷ್ಟಾಗಿದೆ ಅಂತ ನಿಮಗೇ ಗೊತ್ತಲ್ಲ ಸರ್. ಮೂರು ಸೆಕ್ಷನ್ ಇದ್ದದ್ದು ಒಂದಾಗಿದೆ. ಮುಂದಿನ ಸೆಮಿಸ್ಟರಿನ ಟೈಮ್‌ಟೇಬಲ್ ಇನ್ನೂ ಹಾಕಿಲ್ಲ. ನಿನ್ನೆ ಡೀನ್ ನನ್ನನ್ನ ನೋಡಿ ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ ಹೋದರು."

"ಅವರಿಗೆ ಡಾಕ್ಟರು ನಡೀಲಿಕ್ಕೆ ಹೇಳ್ಯಾರ." ವಿಷ್ಣುತೀರ್ಥ ನಕ್ಕರು. ಅವಳು ನಗಲಿಲ್ಲವೆಂದು ನೋಡಿ ಚಮಚ ಕೆಳಗಿಟ್ಟರು. "ನಿನ್ನ ತಗದ್ರ ಪಾಠ ಯಾರು ಹೇಳಬೇಕು, ಆ ಪ್ರೊಜೆಕ್ಟರ್ ಹೇಳ್ತದೇನು? ಒಂದು ಸೆಕ್ಷನ್ನಿಗೆ ಇಬ್ರು ಮುದುಕರು ಯಾಕ ಅಂತ ಕೇಳಬಹುದು, ಖರೆ. ಹಂಗ ಕೇಳಿದ್ರ ಅಸಲೀ ಮುದುಕ ನಾನಿದ್ದೀನಲ್ಲ. ನೀ ಇನ್ನೂ ಹರೇದಾಗ ಇದ್ದೀ."

ಆಗ ಅವಳಿಗೆ ತಡೆಯಲಾಗಲಿಲ್ಲ. "ನಮ್ಮ ಮನೆಯವರ ಡಯಾಲಿಸಿಸ್ ಎಲ್ಲಾ ಕಾಲೇಜಿನ ಮೆಡಿಕಲ್ ಕಾರ್ಡ್ ಮೇಲೇ ನಡೀತಿದೆ ಸರ್. ಕೆಲಸ ಹೋದರೆ ಕಾರ್ಡೂ ಹೋಗುತ್ತೆ. ಈ ಸ್ಥಿತೀಲಿ ಇವರನ್ನ ಹೊಸದಾಗಿ ಯಾವ ವಿಮಾ ಕಂಪನಿಯೂ ಸೇರಿಸಿಕೊಳ್ಳಲ್ಲ. ಕ್ಲೇಮ್ ಸೆಕ್ಷನ್‌ನಲ್ಲಿ ಕೂತು ಅಂಥ ಅರ್ಜಿಗಳನ್ನ ನಾನೇ ವಾಪಸ್ ಕಳಿಸಿದ್ದೀನಿ."

ವಿಷ್ಣುತೀರ್ಥ ಅವಳ ಊಟದ ಡಬ್ಬಿಯನ್ನು ಅವಳ ಮುಂದೆ ಸರಿಸಿದರು. ಅವಳ ಗಂಡ ಕೃಷ್ಣಪ್ರಸಾದನನ್ನು ಅವರು ಬಲ್ಲರು. ಅವನು ಇನ್ನೂ ಓಡಾಡುತ್ತಿದ್ದ ಕಾಲದಲ್ಲಿ ಇಬ್ಬರೂ ತಿರುವಲ್ಲಿಕ್ಕೇಣಿಯ ಮಠದಲ್ಲಿ ಪಕ್ಕಪಕ್ಕ ಊಟಕ್ಕೆ ಕೂತಿದ್ದರು.

"ಉಣ್ಣು," ಎಂದರು. "ಖಾಲಿ ಹೊಟ್ಟೀಲೆ ಹೋಗಬ್ಯಾಡ. ನಾ ಇಲ್ಲೇ ಇರ್ತೀನಿ. ಲಾಸ್ಟ್ ಅವರ್ ನನ್ನ ಕ್ಲಾಸ್ ಅದ, ಎಲ್ಲೂ ಹೋಗೂದಿಲ್ಲ. ಮನ್ಯಾಗ ಕೂತ್ರ ಹೆಂಡ್ತಿ ಜಯಲಕ್ಷ್ಮೀ ಅವರೀಕಾಯಿ ಸುಲೀಲಿಕ್ಕೆ ಹಚ್ತಾಳ. ಆ ಒಂದು ಕ್ಲಾಸ್ ಅದ ಅಂತ ನಾ ಇನ್ನೂ ಮನಷ್ಯಾ ಆಗಿ ಉಳದೀನಿ."

ಮೀಟಿಂಗ್ ರೂಮಿನಲ್ಲಿ ಏಸಿ ಅತಿಯಾಗಿ ತಣ್ಣಗಿತ್ತು. ಉದ್ದನೆಯ ಮೇಜಿನ ಆ ಬದಿಯಲ್ಲಿ ನೇಹಾ. ಈ ಬದಿಯಲ್ಲಿ, ಬಾಗಿಲಿಗೆ ಹತ್ತಿರವಾಗಿ, ಒಂದೇ ಒಂದು ಕುರ್ಚಿ. ಅದರ ಮುಂದೆ ನೀರಿನ ಬಾಟಲಿ, ಟಿಶ್ಯೂ ಡಬ್ಬಿ. ಉಳಿದ ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿದ್ದರು. ಅಂಬುಜಾ ಅದನ್ನೆಲ್ಲ ಒಂದೇ ನೋಟಕ್ಕೆ ಕಂಡಳು. ಎಷ್ಟು ಅಚ್ಚುಕಟ್ಟಾಗಿ ಕಲಿತಿದ್ದಾಳೆ ಎಂದೂ ಒಂದು ಕ್ಷಣ ಅನ್ನಿಸಿತು. ಕಾಲು ತಾನಾಗಿ ನಡೆಯಿತು, ಆ ಕುರ್ಚಿಯಲ್ಲಿ ಕೂತಳು.

"ಮ್ಯಾಮ್, ಅಂಗೆ ಇಲ್ಲೆ." ಅಲ್ಲಿ ಅಲ್ಲವೆಂದು ನೇಹಾ ಎದ್ದು ತನ್ನ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದಳು. "ಇಂಗೆ ವಾಂಗ."

ನೇಹಾಳ ಮನೆಮಾತೂ ಕನ್ನಡವೇ. ಎಲ್ಲವೂ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಯಾವಾಗಲೂ ತಮಿಳಿನಲ್ಲಿ. ಅಂಬುಜಾ ಮೇಜನ್ನು ಹಿಡಿದುಕೊಂಡು ಸುತ್ತಿ ಬಂದಳು. ತಾನಲ್ಲ. ತಾನಲ್ಲ, ತಾನಲ್ಲ. ಹಾಗಾದರೆ ಯಾರು ಎಂಬ ಪ್ರಶ್ನೆ ಬರಲು ತುಸು ಹೊತ್ತು ಹಿಡಿಯಿತು.

"ವಿಷ್ಣುತೀರ್ಥ ಸರ್," ಎಂದಳು ನೇಹಾ ತಮಿಳಿನಲ್ಲೇ, ಆ ಪ್ರಶ್ನೆ ಕೇಳಿಸಿಕೊಂಡವಳಂತೆ. ಸ್ವರ ಮೆತ್ತಗಿತ್ತು. "ಒಂದು ಸೆಕ್ಷನ್ನಿಗೆ ಇಬ್ಬರು ಸೀನಿಯರ್ಸ್ ಬೇಡ ಅಂತ ಆಡಳಿತ ಮಂಡಳಿಯ ಕರೆಸ್ಪಾಂಡೆಂಟ್ ಹೇಳಿದ್ದಾರೆ. ನಿಮ್ಮನ್ನ ಇಟ್ಟುಕೊಳ್ಳೋಣ ಅಂತ ಅವರ ಅಭಿಪ್ರಾಯ. ಆದರೆ ಸರ್‌ಗೆ ನೀವೇ ಹೇಳಬೇಕಂತೆ. ನೀವು ಈ ಕೆಲಸ ಮಾಡಿದವರು. ನಿಮ್ಮ ಮುಂದೆ ಅವರು ಗಲಾಟೆ ಮಾಡಲ್ಲ, ನಿಮ್ಮ ಭಾಷೆಯಲ್ಲಿ ಹೇಳಿದರೆ ಸಮಾಧಾನವಾಗಿ ತಗೋತಾರೆ."

"ನಾನು ಹೇಳಲ್ಲ ಅಂದರೆ?"

ನೇಹಾ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದಳು. "ಆಗ ಅವರು ಇನ್ನೊಂದು ಸಲ ಯೋಚನೆ ಮಾಡ್ತಾರೆ ಮ್ಯಾಮ್. ಇಬ್ಬರಲ್ಲಿ ಒಬ್ಬರು ಅನ್ನೋದು ಮಾತ್ರ ಬದಲಾಗಲ್ಲ." ಆಮೇಲೆ, ತನಗೂ ಕಷ್ಟವೆಂಬಂತೆ, "ನಾನೂ ಸಂಬಳಕ್ಕೆ ಇರೋಳು ಮ್ಯಾಮ್," ಎಂದಳು. ಫೋನೆತ್ತಿ ಸ್ಟಾಫ್ ರೂಮಿಗೆ ಕರೆ ಮಾಡಿದಳು.

ಅಂಬುಜಾ ವಾಕ್ಯವನ್ನು ಕಟ್ಟತೊಡಗಿದಳು. ಸರ್, ಕಾಲೇಜು ಒಂದು ತೀರ್ಮಾನ ತೆಗೆದುಕೊಂಡಿದೆ. ಇಂಗ್ಲಿಷಿನಲ್ಲಿ ಅದು ಎಷ್ಟೋ ಜನರಿಗೆ ಹೇಳಿ ಹೇಳಿ ನುಣುಪಾದ ವಾಕ್ಯ. ಕನ್ನಡದಲ್ಲಿ ಅವಳು ಯಾರಿಗೂ ಹೇಳಿರಲಿಲ್ಲ. ಕಾರಿಡಾರಿನಲ್ಲಿ ಚಪ್ಪಲಿಯ ಸದ್ದು, ಎಂದಿಗಿಂತ ಬೇಗ ಬೇಗ, ಹತ್ತಿರವಾಯಿತು.

ವಿಷ್ಣುತೀರ್ಥ ಬಾಗಿಲು ತೆಗೆದವರು ಮೊದಲು ಅವಳ ಮುಖ ನೋಡಿದರು. ಬಾಟಲಿ, ಟಿಶ್ಯೂ, ಕುರ್ಚಿ ಯಾವುದೂ ಅವರ ಕಣ್ಣಿಗೆ ಬೀಳಲಿಲ್ಲ. ಅವಳ ಮುಖವನ್ನೇ ನೋಡುತ್ತ ಗೋಡೆಯ ಕಡೆಯಿಂದ ಒಂದು ಕುರ್ಚಿ ಎಳೆದು ತಂದು ಅವಳ ಪಕ್ಕದಲ್ಲೇ ಕೂತರು.

"ಹೇಳಿಬಿಟ್ರೇನು?" ಎಂದರು ಮೆಲ್ಲಗೆ. "ಆಯ್ತು ಬಿಡು. ಅಳಬ್ಯಾಡ."

"ಸರ್," ಎಂದಳು ಅಂಬುಜಾ.

"ನೀ ಸುಮ್ಮನಿರು, ನಾ ಮಾತಾಡ್ತೀನಿ." ಅವರು ನೇಹಾಳ ಕಡೆ ತಿರುಗಿ ತಮಿಳಿಗೆ ಬದಲಾದರು. ಕ್ಲಾಸಿನಲ್ಲಿ ಆಡುವ ಸ್ಪಷ್ಟವಾದ, ಸ್ವಲ್ಪ ಹಳೆಯ ತಮಿಳು. ನೋಡಮ್ಮ ನೇಹಾ, ನೀನು ನಮ್ಮ ಕೈಯಲ್ಲಿ ಕಲಿತ ಹುಡುಗಿ, ಮುಚ್ಚುಮರೆ ಬೇಡ. ಈ ಮೇಡಮ್ಮಿನ ಮನೆಯವರಿಗೆ ಆರೋಗ್ಯ ಸರಿಯಿಲ್ಲ. ಇವರ ಕೆಲಸ ಹೋದರೆ ಆ ಮನುಷ್ಯನ ಚಿಕಿತ್ಸೆ ನಿಲ್ಲುತ್ತದೆ. ಒಬ್ಬರು ಹೋಗಲೇಬೇಕು ಅಂತಿದ್ದರೆ ನಾನು ಹೋಗುತ್ತೇನೆ. ನಾನು ಮತ್ತು ನನ್ನ ಹೆಂಡತಿ ಇಬ್ಬರೇ. ಹೇಗೋ ಆಗುತ್ತದೆ. ಕರೆಸ್ಪಾಂಡೆಂಟರಿಗೆ ಹೇಳು, ವಿಷ್ಣುತೀರ್ಥ ತಾನಾಗಿ ಬರೆದುಕೊಟ್ಟ ಅಂತ.

ನೇಹಾಳ ಕಣ್ಣು ಒಂದು ಸಲ ಅಂಬುಜಾಳ ಕಡೆ ಬಂದು ಅಲ್ಲೇ ನಿಂತಿತು. ಅದರಲ್ಲಿ ಒಂದು ಪ್ರಶ್ನೆ ಇತ್ತು. ಅದು ಏನೆಂದು ಅಂಬುಜಾಳಿಗೆ ಗೊತ್ತಿತ್ತು. ಅವರನ್ನು ತಡೆಯಲು ಒಂದು ಮಾತು ಸಾಕು. ತೆಗೆಯುತ್ತಿರುವುದು ನನ್ನನ್ನಲ್ಲ ಸರ್. ಅಷ್ಟು ಹೇಳಿದರೂ ಅವರು ಹೋಗಲೇಬೇಕು, ಫಲ ಬೇರೆಯಾಗುವುದಿಲ್ಲ. ಆದರೆ ಅದನ್ನು ಕೇಳಿ ಅವರು ಎದ್ದು ನಿಂತರೆ, ಕೂಗಾಡಿದರೆ, ನಾನು ಬರೆದುಕೊಡುವುದಿಲ್ಲ ಎಂದರೆ, ಕರೆಸ್ಪಾಂಡೆಂಟ್ ಇನ್ನೊಂದು ಸಲ ಯೋಚನೆ ಮಾಡುತ್ತಾರೆ. ಅವಳ ಕಣ್ಣ ಮುಂದೆ ಆಸ್ಪತ್ರೆಯ ಕೌಂಟರು ಬಂತು. ಕಾರ್ಡನ್ನು ಯಂತ್ರಕ್ಕೆ ತೋರಿಸಿ, ತಲೆಯೆತ್ತದೆ, ಇದು ನಡೆಯುವುದಿಲ್ಲ ಎನ್ನುವ ಹುಡುಗಿ. ತನ್ನ ಹಿಂದೆ ಗಾಲಿಕುರ್ಚಿಯಲ್ಲಿ ಕೃಷ್ಣಪ್ರಸಾದ.

ಅವಳ ಬಾಯಿ ತೆರೆದೇ ಇತ್ತು. ಮುಚ್ಚಿಕೊಂಡಳು.

ನೇಹಾ ಬಿಳಿಯ ಹಾಳೆಯೊಂದನ್ನೂ ಪೆನ್ನನ್ನೂ ಮೇಜಿನ ಮೇಲೆ ಜಾರಿಸಿದಳು. ವಿಷ್ಣುತೀರ್ಥ ಕನ್ನಡಕ ಸರಿಪಡಿಸಿಕೊಂಡು, ಬೋರ್ಡಿನ ಮೇಲೆ ಬರೆಯುವಷ್ಟೇ ದುಂಡಗಿನ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯತೊಡಗಿದರು. ಎರಡು ಸಾಲು ಬರೆದು ನಿಲ್ಲಿಸಿದರು.

"ಇವತ್ತು ತಾರೀಖು ಎಷ್ಟು ತಂಗಿ?"

ನೇಹಾ ಕಿಟಕಿಯತ್ತ ನೋಡುತ್ತಿದ್ದಳು.

"ಹದಿನೇಳು," ಎಂದಳು ಅಂಬುಜಾ.

ಅವರು ಬರೆದು, ಸಹಿ ಹಾಕಿ, ಹಾಳೆಯನ್ನು ಊದಿ ಕೊಟ್ಟರು. ನೇಹಾ ಎದ್ದು ನಿಂತು ಎರಡೂ ಕೈಯಿಂದ ತೆಗೆದುಕೊಂಡಳು. ಇವತ್ತಿನ ಕ್ಲಾಸು ಬೇಡ ಸರ್, ಬೇರೆಯವರಿಗೆ ಹೇಳುತ್ತೇನೆ ಎಂದಳು. ಹುಡುಗರು ಕಾಯ್ತಿರ್ತಾರಮ್ಮ ಎಂದು ಅವರು ನಕ್ಕು ಹೊರಟರು.

ಕಾರಿಡಾರಿನಲ್ಲಿ ಅವರ ನಡಿಗೆ ಹಗುರವಾಗಿತ್ತು. ಹೊಸದೊಂದು ಅಂಗಿ ತೊಟ್ಟವರಂತೆ ಎರಡು ಸಲ ಭುಜ ಕೊಡವಿದರು. ಅಂಬುಜಾ ಅವರಿಗಿಂತ ಒಂದು ಹೆಜ್ಜೆ ಹಿಂದೆ ಬರುತ್ತಿದ್ದಳು.

"ಕೃಷ್ಣಪ್ರಸಾದಗ ಇದನ್ನೇನೂ ಹೇಳಬ್ಯಾಡ. ಸುಳ್ಳ ಮನಸಿಗೆ ಹಚ್ಚಿಗೋತಾನ," ಎಂದರು. "ಜಯಲಕ್ಷ್ಮಿಗೆ ಏನು ಹೇಳಬೇಕಂತ ನಾ ಬಸ್ಸಿನಾಗ ವಿಚಾರ ಮಾಡ್ತೀನಿ. ಪೆರಂಬೂರ ಮುಟ್ಟೂದ್ರಾಗ ಏನರೆ ಹೊಳೀತದ."

"ಸರ್, ನಾನು..."

"ಥ್ಯಾಂಕ್ಸ್ ಗೀಂಕ್ಸ್ ಅಂದ್ರ ನೋಡು ಮತ್ತ." ಬೆರಳೆತ್ತಿ ಗದರಿಸಿದರು. "ಹೋಗಿ ಒಂದು ಕಾಫಿ ಕುಡಿ." ಕ್ಲಾಸಿನ ಬಾಗಿಲು ತಳ್ಳಿ ಒಳಗೆ ಹೋದರು.

ಬಾಗಿಲಿನ ಮೇಲ್ಭಾಗದಲ್ಲಿ ಗಾಜಿನ ಸಣ್ಣ ಚೌಕವಿತ್ತು. ಅದರಾಚೆ ಹುಡುಗರು ಎದ್ದು ನಿಂತು ಕೂತರು. ಹಿಂದಿನ ಸಲ ಎಲ್ಲಿ ನಿಲ್ಲಿಸಿದ್ದೆವೆಂದು ಅವರು ಕೇಳಿರಬೇಕು. ಯಾರೋ ತಪ್ಪು ಹೇಳಿ ಎಲ್ಲರೂ ನಕ್ಕರು, ಅವರೂ ನಕ್ಕರು. ಮಾರ್ಕರ್ ತೆಗೆದು ಬೋರ್ಡಿನತ್ತ ತಿರುಗುವಾಗ ಗಾಜಿನ ಹಿಂದೆ ಇನ್ನೂ ನಿಂತಿದ್ದ ಅಂಬುಜಾ ಕಣ್ಣಿಗೆ ಬಿದ್ದಳು. ಮಾರ್ಕರ್ ಹಿಡಿದ ಕೈಯಿಂದಲೇ ಗಾಳಿಯನ್ನು ಮೆಲ್ಲಗೆ ಎರಡು ಸಲ ತಟ್ಟಿದರು, ಎಚ್ಚರಾದ ಮಗುವನ್ನು ಮತ್ತೆ ಮಲಗಿಸುವಾಗ ತಟ್ಟುವ ಹಾಗೆ.

ಮೊದಲ ಬೆಂಚಿನ ಹುಡುಗಿಯೊಬ್ಬಳು ಸರ್ ಯಾರಿಗೆ ಕೈ ತೋರಿಸುತ್ತಿದ್ದಾರೆಂದು ತಿರುಗಿ ನೋಡಿದಳು. ಅಂಬುಜಾ ಗಾಜಿನಿಂದ ಪಕ್ಕಕ್ಕೆ ಸರಿದು, ಗೋಡೆಗೆ ಬೆನ್ನು ಒತ್ತಿ, ಉಸಿರು ಹಿಡಿದು ನಿಂತಳು.