ಸ್ಕ್ರೂ ಇಲ್ಲದೆ ನಿಲ್ಲುವ ಕತ್ತು

ಕತ್ತು ಕೂರಿಸುವುದು ನನ್ನ ಕಸುಬು. ನಗಬೇಡಿ. ಎಲೆಕ್ಟ್ರಿಕ್ ಗಿಟಾರಿನ ಉದ್ದನೆಯ ಭಾಗವನ್ನು ಊರೆಲ್ಲ ನೆಕ್ ಅನ್ನುತ್ತದೆ, ನಮ್ಮ ಕಾರ್ಖಾನೆಯಲ್ಲಿ ಮಾತ್ರ ಅದು ಕತ್ತು. ಕೆಳಗಿನ ದಪ್ಪ ಹಲಗೆ ಮೈ. ಕತ್ತಿನ ಬುಡ ಕೂರಲು ಮೈಯಲ್ಲಿ ಕೊರೆಯುವ ಚೌಕಾಕಾರದ ಹಳ್ಳ ಗೂಡು. ಈ ಹೆಸರುಗಳೆಲ್ಲ ಅಪ್ಪ ಇಟ್ಟದ್ದು. ಮಕ್ಕಳಿಗೂ ಅವರೇ ಹೆಸರಿಟ್ಟರು. ಎಡಗೈಯವಳೆಂದು ನನ್ನನ್ನು ಎಡಚಿ ಅಂದರು, ನನಗಿಂತ ಆರು ವರ್ಷ ಚಿಕ್ಕವನಾದ ತಮ್ಮನನ್ನು ಪುಟ್ಟ ಅಂದರು. ಅವನಿಗೀಗ ಮೂವತ್ತೇಳು, ನೆತ್ತಿ ಬೋಳಾಗುತ್ತಿದೆ, ಇನ್ನೂ ಪುಟ್ಟ.

ಗೂಡು ಕೊರೆಯುವುದೇನು ಮಹಾ, ಯಂತ್ರ ಇಟ್ಟರೆ ಆಯಿತು ಅನ್ನುವವರಿದ್ದಾರೆ. ಅವರ ಕೈಗೆ ಒಂದು ಸಲ ಉಳಿ ಕೊಟ್ಟು ನೋಡಬೇಕು. ಯಂತ್ರ ಮೂಲೆಗಳನ್ನು ದುಂಡಗೆ ಬಿಡುತ್ತದೆ, ಅದನ್ನು ಅಳತೆಗಿಂತ ಒಂದು ಕಾಗದದಷ್ಟು ಮೊದಲೇ ನಿಲ್ಲಿಸಬೇಕು. ಮಿಕ್ಕದ್ದು ಕೈಯ ಕೆಲಸ. ಎರಡು ಸಲ ಕೆರೆಯಬೇಕು, ಒಂದು ಸಲ ಕೂರಿಸಿ ನೋಡಬೇಕು, ಮತ್ತೆ ಕೆರೆಯಬೇಕು. ಒಂದಿಷ್ಟು ಹೆಚ್ಚು ಕೆರೆದರೆ ಕತ್ತು ಅಲ್ಲಾಡುತ್ತದೆ, ಕಡಿಮೆ ಕೆರೆದರೆ ಕೂರಿಸುವಾಗ ಅಂಚಿನ ಬಣ್ಣ ಬಿರಿಯುತ್ತದೆ. ಕೊನೆಗೆ ಹಿಂದಿನಿಂದ ನಾಲ್ಕು ಸ್ಕ್ರೂ. ಸ್ಕ್ರೂ ಬಿಗಿಸಿದ ಮೇಲೆ ಎಂಥ ಕಳಪೆ ಕೆಲಸವೂ ಮುಚ್ಚಿಹೋಗುತ್ತದೆ.

ಅದಕ್ಕೇ ಅಪ್ಪನ ಪರೀಕ್ಷೆ ಸ್ಕ್ರೂ ಹಾಕುವ ಮೊದಲು. ಕತ್ತನ್ನು ಗೂಡಿಗೆ ಒತ್ತಿ ಕೂರಿಸಿ, ಬರೀ ಕತ್ತು ಹಿಡಿದು ಎತ್ತುತ್ತಾರೆ. ಮೈ ಬೀಳದೆ ನೇತಾಡಿದರೆ ಗೂಡಿನ ತಳಕ್ಕೆ ಕಾಯಿಸಿದ ಕಬ್ಬಿಣದ ಮುದ್ರೆ ಬೀಳುತ್ತದೆ, ಉಗುರಿನಷ್ಟಗಲದ ಅರ್ಧಚಂದ್ರ. ಕತ್ತು ಕೂತ ಮೇಲೆ ಅದು ಯಾರ ಕಣ್ಣಿಗೂ ಕಾಣುವುದಿಲ್ಲ. ಆದರೂ ಗಿಟಾರ್ ನುಡಿಸುವವರು ಆ ಅರ್ಧಚಂದ್ರವನ್ನು ಕೇಳಿಕೊಂಡೇ ನಮ್ಮ ಬಾಗಿಲಿಗೆ ಬರುತ್ತಾರೆ.

ಹತ್ತು ವರ್ಷದಿಂದ ಆ ಮುದ್ರೆ ಬಿದ್ದ ಗೂಡುಗಳನ್ನೆಲ್ಲ ಕೆರೆದವಳು ನಾನು. ನನ್ನ ಪಾಲಿನವನ್ನೂ ನಾನೇ, ಪುಟ್ಟನ ಪಾಲಿನವನ್ನೂ ನಾನೇ. ಅವನು ಮಾತಿನಲ್ಲೇ ಮನೆ ಕಟ್ಟುವವನು. ಮುಂದಿನ ಕೋಣೆಯಲ್ಲಿ ಗಿರಾಕಿಗಳ ಜೊತೆ ಕಾಲ ಮೇಲೆ ಕಾಲು ಹಾಕಿಕೊಂಡು ಹರಟುತ್ತಿದ್ದ. ಅಪ್ಪ ಆಚೆ ಹೋದರೆ ಸಾಕು, ತನ್ನ ಮೇಜಿನ ಮೇಲಿದ್ದದ್ದನ್ನು ನನ್ನ ಮೇಜಿಗೆ ತಳ್ಳುತ್ತಿದ್ದ. "ಅಕ್ಕಾ, ಸ್ವಲ್ಪ ನೋಡೇ." ಆ ಸ್ವಲ್ಪ ಅಂದರೆ ಪೂರ್ತಿ ಅಂತ ಅರ್ಥ. ಸಂಜೆ ಅಪ್ಪ ಬಂದು ಎತ್ತಿ ನೋಡಿ, "ಕೈ ಅಂದ್ರೆ ಇದು ಕಣೋ!" ಅಂತ ಅವನ ಬೆನ್ನು ತಟ್ಟುತ್ತಿದ್ದರು. ನನ್ನ ಗೂಡು ನೋಡಿದರೆ, "ಪರವಾಗಿಲ್ಲ." ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಸರಿ. ಆದರೆ ಹೆತ್ತದ್ದು ಇಬ್ಬರನ್ನಲ್ಲವೇ?

ನೀನ್ಯಾಕೆ ಸುಮ್ಮನಿದ್ದೆ ಅಂತ ಕೇಳಬೇಡಿ, ನನಗೇ ನನ್ನ ಮೇಲೆ ಸಿಟ್ಟು ಬರುತ್ತದೆ. ಹೇಳಿದರೆ ಮನೆಯಲ್ಲಿ ರಂಪ, ಅಮ್ಮನ ಕಣ್ಣೀರು, ಪುಟ್ಟನ ಊಟ ಬಿಡುವ ನಾಟಕ. ಬೇಡಪ್ಪಾ ಸಹವಾಸ ಅಂತ ಕೆರೆದುಕೊಟ್ಟೆ. ಇನ್ನೊಂದು ಮಾತೂ ನಿಜ, ಹಾಳಾದ ಗೂಡನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಅಪ್ಪ ಕಲಿಸುವಾಗ ನನ್ನಲ್ಲಿ ಕಂಡ ತಪ್ಪು ಒಂದೇ. ಬಲಗೈಯವರು ಕೆರೆದರೆ ಗೂಡಿನ ಎಡಮೂಲೆಯಲ್ಲಿ ಕೂದಲೆಳೆಯಷ್ಟು ಉಬ್ಬಿದ ಏಣು ಉಳಿಯುತ್ತದೆ, ನಾನು ಕೆರೆದರೆ ಅದು ಬಲಮೂಲೆಯಲ್ಲಿ. "ಬಲಗೈಲಿ ಹಿಡಿಯೇ ಎಡಚಿ" ಅಂತ ಮೊಟಕಿ ಮೊಟಕಿ ಅವರ ಬೆರಳೇ ನೊಂದು, ಕೊನೆಗೆ ಬಿಟ್ಟುಬಿಟ್ಟರು.

ಎರಡು ವರ್ಷದ ಹಿಂದೆ ಅಪ್ಪನ ಕಣ್ಣು ಮಂಜಾಯಿತು, ಈ ವರ್ಷ ಪೂರ್ತಿ ಹೋಯಿತು. ಒಂದು ದಿನ ಊಟದ ಮೇಜಿನಲ್ಲಿ ತಟ್ಟೆ ಸರಿಸಿ ಅಂದರು: "ಕಾಯಿಸಿದ ಕಬ್ಬಿಣ ಇನ್ನು ನನ್ನ ಕೈಲಿ ಬೇಡ, ಎಲ್ಲೋ ಇಡಕ್ಕೆ ಹೋಗಿ ಎಲ್ಲೋ ಸುಡ್ತೀನಿ. ಇಬ್ರೂ ಒಂದೊಂದು ಕತ್ತು ಕೂರಿಸಿ. ಭಾನುವಾರ ಎತ್ತಿ ನೋಡ್ತೀನಿ. ಯಾರದ್ದು ಗಟ್ಟಿ ನಿಲ್ಲುತ್ತೋ ಅವರಿಗೆ ಮುದ್ರೆ. ಕಾರ್ಖಾನೆನೂ ಅವರದ್ದೇ."

ನನಗಾದ ಸಂತೋಷ ಹೇಳತೀರದು. ಪುಟ್ಟನ ಮುಖ ಮಾತ್ರ ಇಂಗು ತಿಂದ ಮಂಗನ ಹಾಗಾಗಿತ್ತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅಪ್ಪ ಕೈ ನೋಡಿ ಕೊಡುತ್ತೇನೆ ಅಂದಿದ್ದರು, ಮುಖ ನೋಡಿ ಅಲ್ಲ. ನೋಡಲು ಕಣ್ಣೂ ಇರಲಿಲ್ಲ ಅನ್ನಿ.

ಶನಿವಾರ ಮಧ್ಯಾಹ್ನ ನನ್ನ ಗೂಡು ಮುಗಿಸಿ ಕೈ ತೊಳೆಯುತ್ತಿದ್ದೆ. ಪುಟ್ಟ ಹೊಸ ಮೈಯೊಂದನ್ನು ಅವಚಿಕೊಂಡು ಬಂದು ನಿಂತ. ಆಗಲೇ ಎರಡು ಮೈ ಹಾಳು ಮಾಡಿದ್ದ.

"ಅಕ್ಕಾ, ಇದೊಂದೇ ಸಲ."

"ತೊಲಗಾಚೆ! ನಾಳೆ ಪರೀಕ್ಷೆ ಇರೋದು ಇಬ್ಬರಿಗೂ ಕಣೋ."

"ಮುದ್ರೆ ಯಾರಿಗೆ ಬೇಕೇ? ನನಗೆ ಬೇಡ. ಮುದ್ರೆ ಅಕ್ಕನಿಗೇ ಕೊಡಿ ಅಂತ ನಾಳೆ ನಾನೇ ಹೇಳ್ತೀನಿ. ಆದ್ರೆ ಅಪ್ಪನ ಎದುರು ನನ್ನದು ದೊಪ್ಪಂತ ಬಿದ್ರೆ ಮಾನ ಹೋಗುತ್ತಲ್ಲ! ಮಾನ ಒಂದು ಉಳಿಸೇ, ನಿನ್ನ ಕಾಲು ಹಿಡ್ಕೋತೀನಿ."

ಬೋಳುನೆತ್ತಿಯ ಗಂಡಸು ನಿಜವಾಗಿಯೂ ಬಗ್ಗಿದ. ಕರಗಿಹೋದೆ, ನನ್ನ ಬುದ್ಧಿಗಿಷ್ಟು! ಮೈಯ ನಡುಗೆರೆ ಎಳೆದೆ, ಕತ್ತಿನ ಎರಡೂ ಅಂಚಿನಿಂದ, ಮೈಮೇಲೆ ತಂತಿಗಳು ಕೂರುವ ಸೇತುವೆಯವರೆಗೆ ದಾರ ಎಳೆದು ನೇರ ನೋಡಿದೆ, ಉಳಿ ಹಿಡಿದೆ. ಬೇಕೆಂದೇ ಒಂದು ಎಳೆ ಹೆಚ್ಚು ಕೆರೆದು ಸಡಿಲ ಮಾಡಬಹುದಿತ್ತು. ಮನಸ್ಸು ಹೂಂ ಅಂದರೂ ಕೈ ಒಪ್ಪಲಿಲ್ಲ. ನನ್ನದಷ್ಟೇ ಚೆನ್ನಾಗಿ ಕೂರಿಸಿಕೊಟ್ಟೆ.

ಭಾನುವಾರ ಬೆಳಿಗ್ಗೆ ಕಾರ್ಖಾನೆಯಲ್ಲಿ ನಾವು ನಾಲ್ಕೇ ಜನ. ಅಮ್ಮ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದಳು. ಅಪ್ಪ ತಡವರಿಸುತ್ತಾ ಬಂದು ಮೊದಲು ನನ್ನದನ್ನು ಎತ್ತಿದರು. ನೇತಾಡಿತು. ಅಲ್ಲಾಡಿಸಿದರು, ಬೀಳಲಿಲ್ಲ. ಪುಟ್ಟನದನ್ನು ಎತ್ತಿದರು. ಅದೂ ಬೀಳಲಿಲ್ಲ. ಆಮೇಲೆ ಎರಡೂ ಕತ್ತುಗಳನ್ನು ಎಳೆದು ತೆಗೆದು, ಗೂಡಿನ ಒಳಗೆ ಹೆಬ್ಬೆರಳಿಟ್ಟು ಗೋಡೆ, ತಳ, ಮೂಲೆ ಎಲ್ಲ ಸವರಿದರು. ಒಂದರಲ್ಲಿ, ಇನ್ನೊಂದರಲ್ಲಿ, ಮತ್ತೆ ಮೊದಲನೆಯದರಲ್ಲಿ.

"ಎರಡೂ ಒಂದೇ ಕೈ" ಅಂದರು.

ಅಂತೂ ಸತ್ಯ ತಾನಾಗೇ ಬಾಯಿಬಿಟ್ಟಿತು, ನಾನು ಹೇಳುವ ಕಷ್ಟವೂ ತಪ್ಪಿತು ಅಂದುಕೊಂಡೆ. ಅಪ್ಪ ಪುಟ್ಟನಿದ್ದ ಕಡೆ ತಿರುಗಿದರು.

"ಏನೋ ಪುಟ್ಟಾ, ಅಕ್ಕನ ಗೂಡೂ ನೀನೇ ಕೆರೆದುಕೊಟ್ಯಾ?"

ಪುಟ್ಟ ನನ್ನ ಮುಖ ನೋಡಿದ. ಅಪ್ಪನ ಪಕ್ಕ ಮೇಜಿನ ಮೇಲಿದ್ದ ಮುದ್ರೆ ನೋಡಿದ. ಕೋಲೆಬಸವನ ಹಾಗೆ ಕತ್ತು ಆಡಿಸಿದ. ಅಪ್ಪನಿಗೆ ಕಣ್ಣಿಲ್ಲ ಅನ್ನುವುದು ಆಮೇಲೆ ನೆನಪಾಗಿ ಬಾಯಿಬಿಟ್ಟ: "ಹೂಂ ಅಪ್ಪಾ. ಪಾಪ, ಅಕ್ಕ ಕೇಳಿದ್ಲು." ಮೊದಲು ತನ್ನ ಕತ್ತು ಆಡಿಸಿದ, ಆಮೇಲೆ ನನ್ನ ಕತ್ತು ಕೊಯ್ದ.

"ಸುಳ್ಳು! ಎರಡೂ ನಾನು ಕೆರೆದಿದ್ದು. ಈಗಲೇ ಇನ್ನೊಂದು ಮೈ ಕೊಡಿ, ನಿಮ್ಮ ಕಣ್ಣೆದುರಿಗೇ ಕೆರೀತೀನಿ!"

"ಕಣ್ಣಿದ್ರೆ ತಾನೇ ಕಣ್ಣೆದುರಿಗೆ?" ಅಂದರು ಅಪ್ಪ.

"ಸಾಕು ಬಿಡೇ, ತಮ್ಮನ ಜೊತೆ ಏನು ಪೈಪೋಟಿ" ಅಂದಳು ಅಮ್ಮ.

ಮುದ್ರೆ ಪುಟ್ಟನ ಕೈಗೆ ಹೋಯಿತು. ನಾನು ನನ್ನ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅವತ್ತೇ ಹೊರಬಿದ್ದೆ. ಸೈಕಲ್ ಅಂಗಡಿಯ ಹಿಂದೆ ಒಂದು ಕೋಣೆ ಹಿಡಿದು, ಹಳೆಯ ಬಾಗಿಲೊಂದನ್ನು ಮೇಜು ಮಾಡಿಕೊಂಡೆ. ತಂತಿ ಬದಲಿಸುವುದು, ಬಿರುಕಿಗೆ ಅಂಟು ಹಾಕುವುದು, ಇಂಥ ಚಿಲ್ಲರೆ ಕೆಲಸ ಬರುತ್ತಿತ್ತು. ಮುದ್ರೆಯಿಲ್ಲದ ಹೆಂಗಸಿನ ಹತ್ತಿರ ಕತ್ತು ಕೂರಿಸಿಕೊಳ್ಳಲು ಯಾರೂ ಬರಲಿಲ್ಲ.

ಆರನೆಯ ವಾರ ಅಮ್ಮ ಬಂದಳು. ಕೈಯಲ್ಲೊಂದು ದೊಡ್ಡ ಬಟ್ಟೆಚೀಲ. ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಮೆಲ್ಲಗೆ ಶುರು ಮಾಡಿದಳು.

"ಪುಟ್ಟ ಕೂರಿಸಿದ್ದು ಮೂರೂ ಬಿದ್ದೋದ್ವು ಕಣೇ. ಒಂದು ನಿಮ್ಮಪ್ಪನ ಕಾಲ ಮೇಲೇ ಬಿತ್ತು. ಮರ ಸರಿಯಿಲ್ಲ ಅಂತಾನೆ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

"ಆಡ್ಕೋಬೇಡ್ವೇ. ನಾಳೆ ಗಿರಾಕಿ ಬರ್ತಾರೆ. ಇದೊಂದು ಗೂಡು ಕೆರೆದುಕೊಡು, ಸಾಕು. ಮುದ್ರೆ ಅವನೇ ಹಾಕ್ಕೋತಾನೆ."

ಚೀಲದಿಂದ ಒಂದು ಮೈ, ಒಂದು ಕತ್ತು ತೆಗೆದು ನನ್ನ ಮೇಜಿನ ಮೇಲಿಟ್ಟಳು. ನನಗೆ ನಗು ಬಂತು. "ಅವನೇ ಕಳಿಸಿದ್ನಾ?"

"ಇಲ್ಲ."

"ಮತ್ತೆ?"

ಅಮ್ಮ ತಲೆ ತಗ್ಗಿಸಿದಳು. "ನಿಮ್ಮಪ್ಪ. ಎಡಚಿ ಹತ್ರ ತಗೊಂಡು ಹೋಗು ಅಂದ್ರು."

ನಗು ಅಲ್ಲೇ ನಿಂತಿತು. "ಅಪ್ಪನಿಗೆ ಗೊತ್ತಾ?"

"ಗೊತ್ತಿಲ್ದೆ ಏನೇ? ಎರಡರಲ್ಲೂ ಏಣು ಬಲಮೂಲೇಲೇ ಇತ್ತಂತೆ. ಬೆರಳಿಟ್ಟ ತಕ್ಷಣ ತಿಳೀತು ಅಂದ್ರು." ಆಮೇಲೆ ಸಮಾಧಾನ ಮಾಡುವವಳ ಹಾಗೆ ನನ್ನ ಕೈ ಹಿಡಿದಳು. "ಎಡಚಿ ಎಲ್ಲಿ ಬಿಟ್ರೂ ಬದುಕ್ತಾಳೆ, ಅವನ ಕೈಲಿ ಏನಿದೆ, ಮುದ್ರೆನಾದ್ರೂ ಇರ್ಲಿ ಅಂದ್ರು ಕಣೇ. ನಿನ್ನ ಮೇಲೆ ಅಷ್ಟು ನಂಬಿಕೆ ಅವರಿಗೆ."

ಅವತ್ತಿನ ಸಿಟ್ಟಿನಲ್ಲಿ ಆ ಏಣು ನನಗೇ ನೆನಪಾಗಿರಲಿಲ್ಲ. ಕಣ್ಣು ಹೋದ ಅಪ್ಪ ಮೋಸ ಹೋದರು ಅಂತ ಅಷ್ಟು ದಿನ ಪುಟ್ಟನನ್ನು ಶಪಿಸಿದ್ದೆ, ಅಪ್ಪನಿಗಾಗಿ ಮರುಗಿದ್ದೆ ಕೂಡ. ಪುಟ್ಟನದ್ದು ಹೇಡಿತನ ಅನ್ನಬಹುದು. ಅಪ್ಪ ತಿಳಿದೂ ತಿಳಿದೂ ಮಾಡಿದ್ದರು.

ಕತ್ತನ್ನು ಗೂಡಿಗಿಟ್ಟು ಎತ್ತಿದೆ. ಮೈ ಮೇಜಿನ ಮೇಲೇ ಉಳಿಯಿತು. ಗೋಡೆಗಳು ಒಂದು ಎಳೆ ಹೆಚ್ಚೇ ಸವೆದಿದ್ದವು. ತೆಳ್ಳಗಿನ ಮರದ ಪಟ್ಟಿ ಅಂಟಿಸಿ ಮತ್ತೆ ಕೆರೆದರೆ ನಿಲ್ಲುತ್ತಿತ್ತು, ಅರ್ಧ ದಿನದ ಕೆಲಸ. ಕೈ ಆಗಲೇ ಉಳಿಯ ಕಡೆ ಹೋಗಿತ್ತು, ನಾಚಿಕೆಯಿಲ್ಲದ ಕೈ. ಹಿಂದಕ್ಕೆಳೆದುಕೊಂಡೆ. ಮೈ, ಕತ್ತು ಎರಡನ್ನೂ ಚೀಲಕ್ಕೆ ಹಾಕಿ, ಡಬ್ಬಿಯಿಂದ ನಾಲ್ಕು ಸ್ಕ್ರೂ ತೆಗೆದು ಅಮ್ಮನ ಅಂಗೈಗಿಟ್ಟೆ.

"ಇದನ್ನ ಅಪ್ಪನಿಗೆ ಕೊಡು. ಬಿಗಿಸಿಬಿಟ್ರೆ ಒಳಗಿರೋದೆಲ್ಲ ಮುಚ್ಚಿಹೋಗುತ್ತೆ. ಅವರಿಗೆ ಬರೋ ಕೆಲಸನೇ."

ಅಮ್ಮ ಸ್ಕ್ರೂಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಚೀಲ ಎತ್ತಿಕೊಂಡು ಹೋದಳು. ನಾನು ಬಾಗಿಲು ಹಾಕಿಕೊಂಡು ಅತ್ತೆ.