ಸೊಸೆಯ ಹಲ್ಲು

ಮಾವನ ಬಾಯಿಗೆ ಹಲ್ಲಿನ ಸೆಟ್ಟು ಬಂದಿದ್ದು ಈ ವರ್ಷ. ಅದರಿಂದ ಊಟಕ್ಕೆ ಅಡ್ಡಿಯಿರಲಿಲ್ಲ, ಜಗಳಕ್ಕಂತೂ ಮೊದಲೇ ಇರಲಿಲ್ಲ. ಆದರೆ ದ್ರಾಕ್ಷಿ ಬೀಜ ಕಡಿಯಹೋದರೆ ಸೆಟ್ಟೇ ಜಾರಿ ಕೈಗೆ ಬರುತ್ತಿತ್ತು. ವೈನ್ ದ್ರಾಕ್ಷಿಯ ಕೊಯ್ಲಿಗೆ ನಲವತ್ತು ವರ್ಷ ಅವರು ದಿನ ಗೊತ್ತುಮಾಡಿದ್ದು ಬೀಜ ಕಡಿದೇ. ಬೀಜ ಕಟಕ್ಕನೆ ಒಡೆದು ಹುರಿದ ಕಾಳಿನ ರುಚಿ ಕೊಟ್ಟರೆ ಹಣ್ಣು ತಯಾರು. ಮೆತ್ತಗಿದ್ದು ನಾಲಿಗೆಗೆ ಒಗರು ಹತ್ತಿದರೆ ಇನ್ನೂ ಕಾಯಬೇಕು.

ವೈನರಿಯ ಸೂಪರ್‌ವೈಸರ್ ಸಕ್ಕರೆ ಅಳೆಯುವ ಮೀಟರ್ ಹಿಡಿದು ತೋಟಕ್ಕೆ ಬಂದ. ಅದರ ಮೇಲೆ ಒಂದು ಹನಿ ರಸ ಬಿಟ್ಟು ನೋಡಿ, "ಸಕ್ಕರೆ ಬಂದಾಯ್ತು. ನಾಳೆ ಲಾರಿ ಕಳಿಸ್ಲಾ? ಮಳೆ ಬೇರೆ ಬರೋ ಹಾಗಿದೆ" ಎಂದ.

ಮಾವ ರೂಢಿಯಂತೆ ಒಂದು ಹಣ್ಣು ಬಾಯಿಗೆ ಹಾಕಿಕೊಂಡರು, ಬೀಜದ ಸಮೇತ ನುಂಗಿದರು. ಆಮೇಲೆ ಸೊಸೆಯ ಕಡೆ ತಿರುಗಿ, "ನೀನು ಕಡಿದು ನೋಡಮ್ಮ" ಎಂದರು.

ಅವಳಿಗೆ ನಗು ಬಂತು, ಎಂದಿನಂತೆ ಕೈ ಬಾಯಿಗೆ ಅಡ್ಡ ಹೋಯಿತು. ಆರು ವರ್ಷದ ಹಿಂದೆ, ಮದುವೆಯಾದ ಹೊಸದರಲ್ಲಿ, "ಹುಡುಗಿ ಚಿನ್ನ. ಹಲ್ಲು ಮಾತ್ರ ಅವಳಿಗಿಂತ ಒಂದು ಹೆಜ್ಜೆ ಮುಂದೆ" ಎಂದು ಮಾವ ಯಾರ ಹತ್ತಿರವೋ ತಮಾಷೆ ಮಾಡಿದ್ದು ಅವಳ ಕಿವಿಗೆ ಬಿದ್ದಿತ್ತು. ಅವರು ಆಡಿ ಮರೆತರು. ಅವಳು ಮಾತ್ರ ಅಂದಿನಿಂದ ಆ ಮನೆಯಲ್ಲಿ ಬಾಯ್ತುಂಬ ನಕ್ಕಿರಲಿಲ್ಲ.

ಇಷ್ಟು ವರ್ಷ ಅವರ ಹಿಂದೆಯೇ ಬುಟ್ಟಿ ಹಿಡಿದು ಓಡಾಡಿದವಳಿಗೆ ರುಚಿ ಹೊಸದಲ್ಲ. ಐದಾರು ಸಾಲುಗಳಲ್ಲಿ ಕಿತ್ತು ಕಡಿದಳು. ಹಣ್ಣೇನೋ ಸಿಹಿ, ಬೀಜ ಮಾತ್ರ ಮೆತ್ತಗೆ, ಬರೀ ಒಗರು. ಬೇಡ ಅಂದು, ಮಳೆ ಹೊಡೆದು ಹಣ್ಣು ಕೊಳೆತರೆ ವರ್ಷದ ಬೆಳೆ ಹೋದ ಅಪವಾದ ತನ್ನ ತಲೆಗೆ. ಹೂಂ ಅಂದುಬಿಟ್ಟರೆ ಯಾರೂ ಏನೂ ಅನ್ನುವುದಿಲ್ಲ. ಆದರೂ ಸುಳ್ಳು ಬಾಯಿಗೆ ಬರಲಿಲ್ಲ.

"ಇನ್ನೂ ಆಗಿಲ್ಲ ಮಾವ. ನಾಲ್ಕು ದಿನ ಬೇಕು."

"ಕೇಳಿಸ್ತಲ್ಲಪ್ಪ? ನಾಲ್ಕು ದಿನ ಬಿಟ್ಟು ಲಾರಿ ಕಳಿಸು" ಎಂದರು ಮಾವ. ಸೂಪರ್‌ವೈಸರ್ ಮೀಟರನ್ನು ಜೇಬಿಗೆ ತುರುಕಿಕೊಂಡು ಹೊರಟ.

ಅಲ್ಲಿಂದ ಅವಳಿಗೆ ಊಟ ಸೇರಲಿಲ್ಲ. ಮೋಡ ಕಂಡರೆ ಅಂಗಳಕ್ಕೆ ಬಂದು ನಿಲ್ಲುತ್ತಿದ್ದಳು. ಮೂರನೆಯ ಸಂಜೆ ನಾಲ್ಕು ಹನಿ ಉದುರಿಯೂ ಉದುರಿತು. ಅಷ್ಟರಲ್ಲಿ ಗಾಳಿ ಎದ್ದು ಮೋಡವನ್ನೆಲ್ಲ ಗುಡಿಸಿಕೊಂಡು ಹೋಯಿತು. ಅಂಗಳದಲ್ಲಿ ನಿಂತೇ ಇದ್ದವಳನ್ನು ಮಾವ ಕರೆದರು. "ಒಳಗೆ ಬಂದು ಊಟ ಮಾಡು. ಮಳೆ ಹೊಡೆದಿದ್ರೂ ತಪ್ಪು ನಂದೇ. ನಿನ್ನ ಕೇಳಿದ್ದು ನಾನು ತಾನೇ?"

ನಾಲ್ಕನೆಯ ಬೆಳಿಗ್ಗೆ ಅವಳು ಬೀಜ ಕಡಿದ ಸದ್ದು ಪಕ್ಕದ ಸಾಲಿನಲ್ಲಿದ್ದ ಮಾವನಿಗೂ ಕೇಳಿಸಿತು. ಅವರು ಏನೂ ವಿಚಾರಿಸದೆ ಕತ್ತರಿ ಕೈಗೆತ್ತಿಕೊಂಡರು.

ಲಾರಿ ತುಂಬುವಾಗ ಸೂಪರ್‌ವೈಸರ್ ತಾನೂ ಒಂದು ಬೀಜ ಕಡಿದು ತಲೆದೂಗಿದ. "ಸರಿಯಾದ ದಿನ ಹಿಡಿದ್ರಿ ಯಜಮಾನ್ರೇ. ಹಲ್ಲು ಹೋದ್ರೂ ನಿಮ್ಮ ಅಂದಾಜು ತಪ್ಪಲಿಲ್ಲ."

"ನಂದೇನಿದೆ? ಹಲ್ಲು ನನ್ನ ಸೊಸೇದು" ಎಂದರು ಮಾವ. "ಅದು ನಮ್ಮೆಲ್ಲರಿಗಿಂತ ಒಂದು ಹೆಜ್ಜೆ ಮುಂದೆ. ಅವಳಿಲ್ಲದಿದ್ರೆ ಈ ವರ್ಷ ನಾನು ಕುರುಡ."

ಆರು ವರ್ಷ ಚುಚ್ಚಿದ್ದ ಮಾತೇ ಅದು. ಅವಳ ಕಣ್ಣು ತುಂಬಿತು, ಜೊತೆಗೇ ನಗುವೂ ಉಕ್ಕಿ ಬಂತು. ಎರಡೂ ಕೈಯಲ್ಲಿ ದ್ರಾಕ್ಷಿ ಬುಟ್ಟಿಯಿತ್ತು. ಅದನ್ನು ಕೆಳಗಿಡಬೇಕು ಎಂದು ಅವಳಿಗೆ ಅನ್ನಿಸಲಿಲ್ಲ.