ಬಿರುಕಿನ ಮೇಲಿನ ಗಾಜು

ಹೊಸ ಶಾಲೆ ಏಳಬೇಕಾಗಿದ್ದುದು ಎರಡು ಪುರಾತನ ಕಟ್ಟಡಗಳ ನಡುವೆ. ಅವಕ್ಕೆ ಒಂದು ಮೊಳೆ ಹೊಡೆಯುವುದಕ್ಕೂ ಪುರಾತತ್ವ ಇಲಾಖೆಯ ಅಪ್ಪಣೆ ಬೇಕಿತ್ತು. ಹೊಸದು ಮುಗಿಯುವ ತನಕ ಮಕ್ಕಳಿಗೆ ಅವುಗಳಲ್ಲೊಂದರಲ್ಲೇ ಪಾಠ. ಅದರ ಗೋಡೆಯಲ್ಲಿ ಹಿಂದಿನಿಂದಲೂ ಒಂದು ಬಿರುಕಿತ್ತು. ಪಕ್ಕದಲ್ಲಿ ಪಾಯ ತೋಡುವ ಮೊದಲು ಕಾಮಗಾರಿಯ ಮೇಲ್ವಿಚಾರಕ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಅಂಟಿಸಿದ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಒಡೆದರೆ ಕೆಲಸ ನಿಲ್ಲಿಸಬೇಕು. ಇದು ಇಲಾಖೆಯ ಅಧಿಕಾರಿ ಅಮ್ಮನವರ ಷರತ್ತು.

ಗಾಜು ನೋಡಿಕೊಳ್ಳುವ ಹೊಣೆ ಮೇಲ್ವಿಚಾರಕನ ಮಾವನವರದು. ಜೀವಮಾನವೆಲ್ಲ ಫೋಟೋಗಳಿಗೆ ಚೌಕಟ್ಟು ಹಾಕಿ, ಅಂಗಡಿ ಮುಚ್ಚಿದ ಮೇಲೆ ಕೈಕಟ್ಟಿ ಕೂರಲಾರದೆ ಇಲ್ಲಿ ಕಾವಲಿಗೆ ಬಂದಿದ್ದರು. ಅವರ ಒಬ್ಬಳೇ ಮಗಳು, ಮೇಲ್ವಿಚಾರಕನ ಹೆಂಡತಿ, ಇದೇ ಶಾಲೆಯ ಟೀಚರ್ ಆಗಿದ್ದಳು. ಮಳೆಗೆ ಸೋರದ ಒಂದು ಕೋಣೆಯಲ್ಲಿ ಪಾಠ ಮಾಡಬೇಕೆಂಬುದು ಅವಳ ಆಸೆ. ಹೊಸ ಕಟ್ಟಡಕ್ಕೆ ಮಂಜೂರಾತಿ ಬರುವ ಮೊದಲೇ ಅವಳಿಗೆ ದೇವರ ಕರೆ ಬಂತು. ಮೇಲಿನವನ ಕಚೇರಿಯಲ್ಲಿ ಕಡತ ತಡವಾಗುವುದಿಲ್ಲ. ಬರಲಿರುವ ಬೇಸಿಗೆ ರಜೆ ಮುಗಿದು ಮಕ್ಕಳು ಬರುವಷ್ಟರಲ್ಲಿ ಶಾಲೆ ಸಿದ್ಧವಾಗಬೇಕೆಂದು ಮಾವ ಅಳಿಯ ಇಬ್ಬರೂ ಟೊಂಕ ಕಟ್ಟಿದ್ದರು.

ಬೆಳಗಾದರೆ ಮಾವನವರು, ದೇವರ ದಯೆಯಿಂದ ಗಾಜು ನೆಟ್ಟಗಿದೆ ಎನ್ನುವರು. ತಪಾಸಣೆಗೆ ಬಂದ ಅಮ್ಮನವರು ಕನ್ನಡಕ ಏರಿಸಿ ನೋಡಿ, ಇಷ್ಟು ಸಭ್ಯವಾದ ಗೋಡೆಯನ್ನು ತಾವು ಕಂಡೇ ಇಲ್ಲವೆಂದರು. ಮಾವನವರು ತಲೆತಗ್ಗಿಸಿ ಆ ಹೊಗಳಿಕೆಯನ್ನು ಸ್ವೀಕರಿಸಿದರು.

ಒಂದು ಭಾನುವಾರ ಮನೆಯಲ್ಲಿ ಹೆಂಡತಿಯ ಫೋಟೋ ಒರೆಸಲು ಹೋದ ಮೇಲ್ವಿಚಾರಕನ ಬೆರಳಿಗೆ ಕಾಗದ ತಗುಲಿತು. ಚೌಕಟ್ಟು ಇತ್ತು, ಅವಳೂ ಇದ್ದಳು, ಗಾಜು ಇರಲಿಲ್ಲ.

“ಮಾವ, ಇದರ ಗಾಜೆಲ್ಲಿ?”

“ಗೋಡೆ ಮೇಲಿದೆ.”

“ಯಾವ ಗೋಡೆ?”

ಮಾವನವರು ಓದುತ್ತಿದ್ದ ಪತ್ರಿಕೆ ಮಡಚಿದರು. “ಗಾಜು ಒಡೆದ್ರೆ ಕೆಲಸ ನಿಲ್ಲುತ್ತೆ ಅಂತ ನೀವೇ ಹೇಳಿದ್ರಲ್ಲ ಅಳಿಯಂದಿರೇ. ಅದಕ್ಕೇ ಒಡೆದಾಗೆಲ್ಲ ಹೊಸದು ಹಾಕ್ತಾ ಬಂದೆ. ಅಂಗಡೀಲಿ ಉಳಿದಿದ್ದೆಲ್ಲ ಮುಗಿದುಹೋಯ್ತು. ಈಚೆಗಂತೂ ಬೇಗ ಬೇಗ ಒಡೀತಿದೆ. ಈಗಿನ ಗಾಜಿಗೆ ತಾಳಿಕೆ ಇಲ್ಲ.”

ಮೇಲ್ವಿಚಾರಕ ಫೋಟೋವನ್ನು ಕೆಳಗಿಟ್ಟ. “ಆ ಗೋಡೆ ಬುಡದಲ್ಲೇ ಮಕ್ಕಳು ಕೂರ್ತಾರೆ, ಮಾವ.”

ಮಾವನವರು ಗಾಜಿಲ್ಲದ ಫೋಟೋದ ಕಡೆ ತಿರುಗಿದರು. ಅವರು ಅಷ್ಟು ದಿನವೂ ಗಾಜನ್ನು ನೋಡಿದ್ದರೇ ಹೊರತು ಗೋಡೆಯನ್ನು ನೋಡಿರಲಿಲ್ಲ.

“ಅವಳ ಮಕ್ಕಳು,” ಎಂದರು.

ಮರುದಿನ ಅಳಿಯ ಕೆಲಸ ನಿಲ್ಲಿಸಿ, ಮಕ್ಕಳನ್ನು ಸಿಮೆಂಟು ಮೂಟೆಗಳ ಶೆಡ್ಡಿಗೆ ಸಾಗಿಸಿದ. ಅಮ್ಮನವರು ಬಂದು, ಗಾಜು ಗಟ್ಟಿಯಾಗಿರುವಾಗ ಕೆಲಸ ಯಾಕೆ ನಿಂತಿತೆಂದು ಸಿಡುಕಿದರು. ಅವನು ನಡೆದದ್ದನ್ನೆಲ್ಲ ಹೇಳಿದ. ಅಮ್ಮನವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಗೋಡೆಗೆ ಕೂಡಲೇ ಆಸರೆ ಕೊಡಬೇಕೆಂದರು.

ಆಸರೆ ಕೊಟ್ಟು, ಹಳೆಯ ಗುಂಡಿ ಮುಚ್ಚಿ, ದೂರ ಸರಿದು ಹೊಸ ಪಾಯ ತೋಡುವಷ್ಟರಲ್ಲಿ ರಜೆ ಬಂದು ಮುಗಿದುಹೋಯಿತು. ಶಾಲೆ ನೆಲ ಬಿಟ್ಟು ಎದ್ದಿರಲಿಲ್ಲ. ಮಕ್ಕಳು ಮತ್ತೆ ಶೆಡ್ಡಿಗೇ ಬಂದರು. ಮಳೆ ಹಿಡಿಯಿತು. ಸಿಮೆಂಟು ನೆನೆಯಬಾರದೆಂದು ಕಟ್ಟಿದ್ದ ಶೆಡ್ಡು. ಒಂದು ಹನಿಯೂ ಸೋರಲಿಲ್ಲ.

ಮಾವನವರು ಮಗಳ ಫೋಟೋ ತಂದು ಕಪ್ಪುಹಲಗೆಯ ಪಕ್ಕದಲ್ಲಿ ನೇತುಹಾಕಿದರು. ಬೇರೆ ಗಾಜು ಹಾಕಿಸೋಣವೆಂದು ಅಳಿಯ ಹೇಳಿದ.

“ಬೇಡ ಬಿಡಿ,” ಎಂದರು ಮಾವ. “ಇಲ್ಲಿ ಸಿಮೆಂಟು ಧೂಳು ಜಾಸ್ತಿ. ದಿನಾ ಅವಳ ಮುಖ ಒರೆಸೋ ಕೆಲಸ ನನಗಿರಲಿ.”